ಹತ್ತೊಂಬತ್ತನೆಯ ಶತಮಾನದ ಮಿಷನ್ ಅಚ್ಚುಕೂಟಗಳು ಮತ್ತು ಅರಬ್ಬಿ ಓದುಗರು: ಪದೇ ಪದೇ ಕೇಳುವ ಪ್ರಶ್ನೆಗಳು

ಮಾಲ್ಟಾ ದ್ವೀಪ, ಬೈರೂತ್ ನಗರ ಎರಡೂ ಕಡೆಯ ಪ್ರಾಟೆಸ್ಟೆಂಟ್ ಮಿಷನ್ ಮುದ್ರಣಾಲಯಗಳ ಬಗ್ಗೆ ಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಅಚ್ಚಿನ ಕೆಲಸದ ಬಗ್ಗೆ ಉದ್ದಕ್ಕೆ ಬರೆದಿದ್ದೇವೆ, ದೇವತಾಶಾಸ್ತ್ರದ ಬಗ್ಗೆ ಹೆಚ್ಚೇನೂ ಇಲ್ಲ. ಈ ಪುಸ್ತಕಗಳನ್ನು ಜನ ಓದಿದರೋ ಬಿಟ್ಟರೋ ಎಂಬುದರಲ್ಲಿ ಒಳಗಿನ ಬೋಧನೆಗಿಂತ ಅಚ್ಚುಮೊಳೆಯ ಅಂದದ ಪಾತ್ರವೇ ದೊಡ್ಡದು ಎಂಬುದು ನಮ್ಮ ಅಭಿಪ್ರಾಯ.

ಮಿಷನರಿಗಳು ಬರುವ ಮೊದಲು ಅರಬ್ಬಿಯಲ್ಲಿ ಅಚ್ಚೇ ಇರಲಿಲ್ಲವೇ?

ಇತ್ತು. ಚಲಿಸುವ ಮೊಳೆಗಳಿಂದ ಅಚ್ಚಾದ ಮೊದಲ ಅರಬ್ಬಿ ಪುಸ್ತಕ 1514ರದು. ಅದು ಇಟಲಿಯ ಫಾನೋದಲ್ಲಿ ಅಚ್ಚಾದ ಒಂದು ಪ್ರಾರ್ಥನಾ ಪುಸ್ತಕ. ಅರಬ್ ನಾಡಿನೊಳಗೆ ಅರಬ್ಬಿ ಅಕ್ಷರದ ಮುದ್ರಣ 1706ರಲ್ಲಿ ಅಲೆಪ್ಪೊದಲ್ಲಿ ಶುರುವಾಯಿತು. ಮುಂದೆ 1730ರ ದಶಕದಲ್ಲಿ ಲೆಬನಾನ್ ಬೆಟ್ಟದ ಶುವೈರ್ ಮಠದಲ್ಲಿ ಅಬ್ದುಲ್ಲಾ ಜಾಖಿರ್ ತಾವೇ ಮೊಳೆ ಎರೆದು ಅಚ್ಚುಕೂಟ ನಡೆಸಿದರು. ಇವರೆಲ್ಲ ಅಲ್ಲಿನ ಕ್ರೈಸ್ತರೇ. ಇಸ್ತಾಂಬುಲಿನಲ್ಲಿ ಇಬ್ರಾಹಿಂ ಮುತೆಫೆರ್ರಿಕಾ ಅವರ ಮೊದಲ ಪುಸ್ತಕ ಬಂದದ್ದು 1729ರಲ್ಲಿ. ಕೈರೋದ ಬೂಲಾಕಿನಲ್ಲಿ ಈಜಿಪ್ಟನ್ನು ಆಳುತ್ತಿದ್ದ ಮುಹಮ್ಮದ್ ಅಲಿಯ ಸರಕಾರಿ ಮುದ್ರಣಾಲಯ 1820ರ ದಶಕದ ಆರಂಭದಲ್ಲಿ ಕೆಲಸಕ್ಕೆ ಇಳಿಯಿತು. ಹೀಗಾಗಿ ‘ಅರಬರಿಗೆ ಅಚ್ಚು ಕಲಿಸಿದವರು ಮಿಷನರಿಗಳು’ ಎನ್ನುವ ಮಾತು ತಪ್ಪು. ಆಗಲೇ ಇದ್ದ ಒಂದು ಕಸುಬಿಗೆ ಅವರು ಹಣ, ಒಳ್ಳೆಯ ಮೊಳೆ ಮತ್ತು ಬಿಡದೆ ನಡೆಯುವ ಒಂದು ವ್ಯವಸ್ಥೆಯನ್ನು ತಂದರು.

ಅಚ್ಚಿನ ಅರಬ್ಬಿ ಪುಸ್ತಕ ಕಂಡರೆ ಓದುಗರು ಮೂಗು ಮುರಿಯುತ್ತಿದ್ದುದೇಕೆ?

ಕಣ್ಣಿಗೆ ಒಗ್ಗುತ್ತಿರಲಿಲ್ಲ, ಅದೇ ಮುಖ್ಯ ಕಾರಣ. ಅರಬ್ಬಿ ಓದುವವನು ಒಳ್ಳೆಯ ಕೈಬರಹದ ಪ್ರತಿ ನೋಡಿ ಬೆಳೆದವನು. ಯೂರೋಪಿನ ಎರಕದವರಿಗೆ ಆ ಭಾಷೆ ಓದಲು ಬಾರದು. ಅವರು ಅಕ್ಷರವನ್ನು ಒಂದು ಚಿತ್ರವೆಂದು ನೋಡಿ ಕೆತ್ತಿದರು. ಅಕ್ಷರಗಳು ಕೂಡುವ ಕಡೆ ಬಿಳಿ ಬಿರುಕು ಕಾಣುತ್ತಿತ್ತು, ಗೆರೆಯ ದಪ್ಪ ಒಂದೇ ಸಮ ಇರುತ್ತಿರಲಿಲ್ಲ, ಸಾಲು ಬಿಗುವಾಗಿ ಕೋಲಿನಂತೆ ನಿಲ್ಲುತ್ತಿತ್ತು. ಕನ್ನಡದಲ್ಲಿ ಒತ್ತಕ್ಷರ ಎಲ್ಲೋ ಕೆಳಗೆ ಜಾರಿ, ದೀರ್ಘದ ಕೊಂಬು ಬಿಟ್ಟುಕೊಂಡ ಹಳೆಯ ಅಚ್ಚಿನ ಪುಟವನ್ನು ನೋಡಿದವರಿಗೆ ಈ ಕಿರಿಕಿರಿ ಅರ್ಥವಾದೀತು.

ಇದರ ಮೇಲೆ ಧಾರ್ಮಿಕ ವಿರೋಧವೂ ಇತ್ತು. ಲೆಬನಾನಿನ ಕ್ಯಾಥೊಲಿಕ್ ಪಂಗಡವಾದ ಮರೋನೈಟ್ ಚರ್ಚಿನ ಮುಖ್ಯಸ್ಥ ಯೂಸುಫ್ ಹುಬೈಶ್ 1820ರ ದಶಕದಲ್ಲೇ ಮಿಷನರಿಗಳ ಪುಸ್ತಕಗಳನ್ನು ನಿಷೇಧಿಸಿದರು. ಯೂರೋಪಿನಲ್ಲಿ ಅಚ್ಚಾದ ಧರ್ಮಗ್ರಂಥಗಳ ಹಂಚಿಕೆಗೆ ತಡೆ ಹಾಕಿ 1824ರಲ್ಲಿ ಸುಲ್ತಾನನ ಫರ್ಮಾನೂ ಹೊರಬಿತ್ತು.

ಮೊದಲು ಮಾಲ್ಟಾಕ್ಕೆ ಹೋದದ್ದೇಕೆ? ಅಲ್ಲಿ ಅರಬ್ಬಿ ಓದುವವರೇ ಇಲ್ಲವಲ್ಲ?

ಮಾಲ್ಟಾ ಬ್ರಿಟಿಷರ ಕೈಯಲ್ಲಿತ್ತು. ಅಲ್ಲಿ ಅಚ್ಚುಹಾಕಿದರೆ ಆಟೊಮನ್ ಅಧಿಕಾರಿಗಳು ಬಾಗಿಲಿಗೆ ಬೀಗ ಹಾಕುವಂತಿರಲಿಲ್ಲ. ಅಲ್ಲಿಂದ ಅಲೆಕ್ಸಾಂಡ್ರಿಯ, ಬೈರೂತ್, ಟ್ಯೂನಿಸ್, ಸ್ಮಿರ್ನಾ (ಇಂದಿನ ತುರ್ಕಿಯ ಇಜ್ಮಿರ್) ಎಲ್ಲಕ್ಕೂ ಹಡಗು ಹೋಗುತ್ತಿತ್ತು. ಪ್ಲೇಗು, ಯುದ್ಧ ಇವುಗಳ ಭಯವೂ ಕಡಿಮೆ.

ತೊಡಕೂ ಅದೇ ಜಾಗದಿಂದ ಹುಟ್ಟಿತು. ಮಾಲ್ಟೀಸ್ ಮಾತು ಅರಬ್ಬಿಗೆ ಹತ್ತಿರದ ನೆಂಟನೇ ಆದರೂ ಅದನ್ನು ಬರೆಯುವುದು ಲ್ಯಾಟಿನ್ ಲಿಪಿಯಲ್ಲಿ. ಊರಲ್ಲಿ ಮೊಳೆ ಜೋಡಿಸಬಲ್ಲ, ಕರಡು ತಿದ್ದಬಲ್ಲ ಅರಬ್ಬಿ ಪಂಡಿತ ಸಿಗುತ್ತಿರಲಿಲ್ಲ. ಸಿರಿಯ, ಲೆಬನಾನ್ ಕಡೆಯಿಂದ ಕರೆಸಬೇಕಾಗುತ್ತಿತ್ತು.

ಮಾಲ್ಟಾದಲ್ಲಿ ಇದ್ದದ್ದು ಒಂದೇ ಮುದ್ರಣಾಲಯವೇ?

ಅಲ್ಲ, ಎರಡನ್ನೂ ಬೆರೆಸಿಬಿಡುವುದು ಬಹಳ ಸಾಮಾನ್ಯವಾದ ತಪ್ಪು. ಒಂದು ಬಾಸ್ಟನ್ನಿನ ಅಮೆರಿಕನ್ ಬೋರ್ಡ್ ಎಂಬ ಮಿಷನರಿ ಸಂಸ್ಥೆಯದು. ಡೇನಿಯಲ್ ಟೆಂಪಲ್ 1822ರಲ್ಲಿ ಅದನ್ನು ತಂದರು. ಅಲ್ಲಿ ಗ್ರೀಕ್, ಇಟಾಲಿಯನ್ ಮತ್ತು ಅರ್ಮೇನಿಯನ್ ಲಿಪಿಯಲ್ಲಿ ಬರೆದ ತುರ್ಕಿ ಪುಸ್ತಕಗಳೇ ಹೆಚ್ಚು. ಇನ್ನೊಂದು ಲಂಡನ್ನಿನ ಚರ್ಚ್ ಮಿಷನರಿ ಸೊಸೈಟಿಯದು. ಅರಬ್ಬಿಯಲ್ಲಿ ನಿಜವಾಗಿ ದುಡಿದದ್ದು ಇದು, 1820ರ ದಶಕದ ನಡುಭಾಗದಿಂದ 1842ರವರೆಗೆ. ಇದರ ಅರಬ್ಬಿ ವಿಭಾಗವನ್ನು ನೋಡಿಕೊಂಡವರು ಕ್ರಿಸ್ಟೋಫ್ ಶ್ಲೀಂಜ್. ಅನುವಾದ ಮತ್ತು ತಿದ್ದುವ ಕೆಲಸದ ಬೆನ್ನೆಲುಬು ಲೆಬನಾನಿನ ಫಾರಿಸ್ ಅಲ್-ಶಿದ್ಯಾಕ್.

ಶಿದ್ಯಾಕ್ ಬಗ್ಗೆ ಒಂದು ಮಾತು ಹೇಳಲೇಬೇಕು. ಪ್ರಾಟೆಸ್ಟೆಂಟ್ ಆದನೆಂಬ ಕಾರಣಕ್ಕೆ ಇವರ ಅಣ್ಣ ಅಸ್ಅದ್‌ನನ್ನು ಮರೋನೈಟ್ ಚರ್ಚು ಕನ್ನೂಬೀನ್ ಮಠದಲ್ಲಿ ಕೂಡಿಹಾಕಿತ್ತು, ಆತ ಅಲ್ಲೇ ಸತ್ತ. ತಮ್ಮನಾದ ಫಾರಿಸ್ ಮಾಲ್ಟಾದಲ್ಲಿ ಮಿಷನ್ನಿಗೆ ದುಡಿದರು, ಇಂಗ್ಲೆಂಡಿಗೆ ಹೋಗಿ ಮತ್ತೊಂದು ಬೈಬಲ್ ಅನುವಾದದಲ್ಲಿ ಕೈಜೋಡಿಸಿದರು, ಕೊನೆಗೆ ಇಸ್ಲಾಮಿಗೆ ಸೇರಿ ಇಸ್ತಾಂಬುಲಿನಲ್ಲಿ ‘ಅಲ್-ಜವಾಇಬ್’ ಪತ್ರಿಕೆ ನಡೆಸಿದರು. ಮಿಷನ್ನಿನ ಅಚ್ಚುಮನೆಯಲ್ಲಿ ಕಲಿತ ಕಸುಬು ಎಲ್ಲಿಗೆಲ್ಲ ಹೋಗಬಹುದು ಎಂಬುದಕ್ಕೆ ಇಷ್ಟು ಸಾಕು.

ಬೈರೂತಿಗೆ ಬಂದದ್ದು ಯಾವಾಗ?

1834ರಲ್ಲಿ. ಅಮೆರಿಕನ್ ಮಿಷನ್ ಮಾಲ್ಟಾದ ಅಚ್ಚುಕೂಟವನ್ನು ಹಂಚಿತು. ಗ್ರೀಕ್, ಅರ್ಮೇನಿಯನ್ ಕೆಲಸ ಸ್ಮಿರ್ನಾಕ್ಕೆ, ಅರಬ್ಬಿ ಕೆಲಸ ಮಿಷನರಿ ಎಲಿ ಸ್ಮಿತ್ ಅವರ ಜೊತೆ ಬೈರೂತಿಗೆ. ಆಗ ಸಿರಿಯವನ್ನು ಆಳುತ್ತಿದ್ದದ್ದು ಈಜಿಪ್ಟಿನ ಇಬ್ರಾಹಿಂ ಪಾಶಾ, ಇಸ್ತಾಂಬುಲಿನ ಹಿಡಿತ ಅಲ್ಲಿ ಇರಲಿಲ್ಲ. ಅದರಿಂದ ಅನುಕೂಲವೂ ಆಯಿತು.

ಅರಬ್ಬಿಗೆ 28 ಅಕ್ಷರ. ಇಂಗ್ಲಿಷಿಗಿಂತ ಎರಡೇ ಹೆಚ್ಚು. ಮೊಳೆ ಮಾಡುವುದು ಅಷ್ಟೇನು ಕಷ್ಟ?

ಲೆಕ್ಕ ಹಾಕಿ ನೋಡಿ. 22 ಅಕ್ಷರಗಳು ಎರಡೂ ಕಡೆ ಕೂಡುತ್ತವೆ, ಆದ್ದರಿಂದ ಒಂಟಿಯಾಗಿ, ಪದದ ಮೊದಲಲ್ಲಿ, ನಡುವೆ, ಕೊನೆಯಲ್ಲಿ ಹೀಗೆ ನಾಲ್ಕು ರೂಪ: 88. ಉಳಿದ 6 ಅಕ್ಷರಗಳು ಹಿಂದಿನ ಅಕ್ಷರಕ್ಕೆ ಮಾತ್ರ ಕೂಡುತ್ತವೆ, ಎರಡೆರಡು ರೂಪ: 12. ಅಲ್ಲಿಗೆ 100. ಲಾಮ್-ಅಲಿಫ್ ಜೋಡಿ, ಹಮ್ಜಾ, ತಾ ಮರ್ಬೂತಾ ಬೇರೆ. ಪುಸ್ತಕಗಳಿಗೆ ಬಳಸುವ ನಸ್ಖ್ ಎಂಬ ಬರಹದ ಶೈಲಿಯಲ್ಲಿ ಕೆಲವು ಅಕ್ಷರಗಳು ಪಕ್ಕಪಕ್ಕ ಕೂರದೆ ಒಂದರ ಹೆಗಲ ಮೇಲೊಂದು ಏರುತ್ತವೆ. ಅಂಥ ಪ್ರತಿ ಜೋಡಿಗೂ ಪ್ರತ್ಯೇಕ ಮೊಳೆ ಬೇಕು.

ಇನ್ನು ಸ್ವರಚಿಹ್ನೆಗಳು. ಫತ್ಹಾ, ಕಸ್ರಾ, ದಮ್ಮಾ, ಅವುಗಳ ಮೂರು ತನ್ವೀನ್, ಸುಕೂನ್, ಶದ್ದಾ ಎಂದು ಎಂಟು. ಪ್ರತಿ ರೂಪಕ್ಕೂ ಪ್ರತಿ ಚಿಹ್ನೆ ಸೇರಿಸಿ ಎರೆಯಲು ಹೊರಟರೆ 100ಕ್ಕೆ 8 ಗುಣಿಸಿ 800. ಶದ್ದಾದ ಮೇಲೆ ಮತ್ತೊಂದು ಸ್ವರ ಕೂರುವ ಜೋಡಿಗಳನ್ನು ಇನ್ನೂ ಎಣಿಸಿಲ್ಲ. ಕನ್ನಡದ ಕಾಗುಣಿತ, ಒತ್ತಕ್ಷರಗಳ ಡಬ್ಬಿ ಜೋಡಿಸಿದವರಿಗೆ ಈ ಲೆಕ್ಕದಿಂದ ಗಾಬರಿಯಾಗದಿರಬಹುದು. ಆದರೆ ನಮ್ಮಲ್ಲಿ ಇಲ್ಲದ ಒಂದು ತಲೆನೋವು ಅಲ್ಲಿದೆ: ಮೊಳೆಗಳು ಒಂದಕ್ಕೊಂದು ಅಂಟಿಕೊಂಡು ಒಂದೇ ಗೆರೆಯಾಗಿ ಕಾಣಬೇಕು.

‘ಅಮೆರಿಕನ್ ಅರಬ್ಬಿ’ ಮೊಳೆ ತಯಾರಾದದ್ದು ಹೇಗೆ?

ಲಂಡನ್ನಿನ ಮೊಳೆಗಳ ರೂಪ ಎಲಿ ಸ್ಮಿತ್ ಅವರಿಗೆ ಹಿಡಿಸಲಿಲ್ಲ. ಒಳ್ಳೆಯ ಲಿಪಿಕಾರರಿಂದ ಅಕ್ಷರಗಳ ಸುಮಾರು 200 ಮಾದರಿ ಬರೆಸಿಟ್ಟುಕೊಂಡರು. 1836ರಲ್ಲಿ ಅವನ್ನು ತೆಗೆದುಕೊಂಡು ಸ್ಮಿರ್ನಾಕ್ಕೆ ಹೊರಟ ಹಡಗು ಒಡೆಯಿತು, ಮಾದರಿಗಳು ನೀರುಪಾಲಾದವು. ಆ ಪ್ರಯಾಣದ ಹೊತ್ತಿಗೆ ಕಾಯಿಲೆಯಿದ್ದ ಅವರ ಹೆಂಡತಿ ಸಾರಾ ಅದೇ ಸೆಪ್ಟೆಂಬರಿನಲ್ಲಿ ಸ್ಮಿರ್ನಾದಲ್ಲಿ ತೀರಿಕೊಂಡರು. ಸ್ಮಿತ್ ಇಸ್ತಾಂಬುಲಿನಲ್ಲಿ ಮತ್ತೆ ಮಾದರಿ ಬರೆಸಿದರು. ಮುದ್ರಕ ಹೋಮನ್ ಹ್ಯಾಲಕ್ ಸ್ಮಿರ್ನಾದಲ್ಲಿ ಪಂಚು ಕೆತ್ತಿದರು. ಎರಕ ಲೈಪ್ಜಿಗಿನ ಟೌಖ್ನಿಟ್ಸ್ ಕಾರ್ಖಾನೆಯಲ್ಲಾಯಿತು. ಹೊಸ ಮೊಳೆ ಬೈರೂತಿನಲ್ಲಿ ಕೆಲಸಕ್ಕೆ ಬಂದದ್ದು 1840ರ ದಶಕದ ಆರಂಭದಲ್ಲಿ.

ಕೆಲಸದ ಕ್ರಮ ಹೀಗೆ. ಮೆದು ಮಾಡಿದ ಉಕ್ಕಿನ ಕಂಬಿಯ ತುದಿಯಲ್ಲಿ ಅಕ್ಷರವನ್ನು ತಿರುಗುಮುರುಗಾಗಿ ಅರದಿಂದ, ಉಳಿಯಿಂದ ಕೆತ್ತುವುದು. ಆಗಾಗ ಆ ತುದಿಯನ್ನು ದೀಪದ ಮೇಲೆ ಹಿಡಿದು ಮಸಿ ಕಟ್ಟಿಸಿ ಕಾಗದಕ್ಕೆ ಒತ್ತಿ, ಲಿಪಿಕಾರನ ಮಾದರಿಯ ಪಕ್ಕ ಇಟ್ಟು ನೋಡುವುದು. ಸರಿ ಎನ್ನಿಸಿದ ಮೇಲೆ ಉಕ್ಕನ್ನು ಕಾಯಿಸಿ ಅದ್ದಿ ಗಟ್ಟಿ ಮಾಡುವುದು. ಈ ಪಂಚನ್ನು ತಾಮ್ರದ ತುಂಡಿನ ಮೇಲಿಟ್ಟು ಸುತ್ತಿಗೆಯಿಂದ ಹೊಡೆದರೆ ಪಡಿಯಚ್ಚು ಸಿಗುತ್ತದೆ. ಹೊಡೆತಕ್ಕೆ ತಾಮ್ರ ಉಬ್ಬುವುದರಿಂದ ಅದರ ಬದಿಗಳನ್ನೂ ಆಳವನ್ನೂ ಉಜ್ಜಿ ಸಮ ಮಾಡಬೇಕು. ಆಮೇಲೆ ಅದನ್ನು ಎರಕದ ಅಚ್ಚಿಗೆ ಕೂರಿಸಿ ಸೀಸ, ಆಂಟಿಮನಿ, ತವರದ ಮಿಶ್ರಣ ಹೊಯ್ಯುವುದು. ಸೀಸವೇ ಬಹುಪಾಲು. ಆಂಟಿಮನಿ ಗಟ್ಟಿತನ ಕೊಡುತ್ತದೆ, ತಣಿಯುವಾಗ ಕುಗ್ಗುವುದನ್ನು ತಡೆಯುತ್ತದೆ. ತವರದಿಂದ ಲೋಹ ಸಣ್ಣ ಸಂದುಗಳಿಗೂ ಹರಿಯುತ್ತದೆ.

ಕೆಡುವುದು ಸಾಮಾನ್ಯವಾಗಿ ಪಡಿಯಚ್ಚನ್ನು ಸಮ ಮಾಡುವ ಹಂತದಲ್ಲಿ. ಲ್ಯಾಟಿನ್ ಮೊಳೆಯಲ್ಲಿ ಅಕ್ಷರದ ಎರಡೂ ಬದಿ ಒಂದಿಷ್ಟು ಖಾಲಿ ಜಾಗ ಬಿಡುತ್ತಾರೆ, ಕೂದಲೆಳೆಯಷ್ಟು ಏರುಪೇರಾದರೂ ಕಣ್ಣು ಮನ್ನಿಸುತ್ತದೆ. ಅರಬ್ಬಿಯಲ್ಲಿ ಕೂಡುಗೆರೆ ಮೊಳೆಯ ಅಂಚಿನವರೆಗೂ ಬರಬೇಕು, ಮುಂದಿನ ಮೊಳೆಯ ಗೆರೆ ಅದೇ ಎತ್ತರದಲ್ಲಿ, ಅದೇ ದಪ್ಪದಲ್ಲಿ ಶುರುವಾಗಬೇಕು. ಪಡಿಯಚ್ಚು ಸ್ವಲ್ಪ ಮೇಲೆ ಕೂತರೆ ಪದದ ನಡುವೆ ಮೆಟ್ಟಿಲು ಕಾಣುತ್ತದೆ, ಅಗಲ ಒಂದಿಷ್ಟು ಹೆಚ್ಚಾದರೆ ಬಿರುಕು. ಅಂಚಿನವರೆಗೂ ಅಕ್ಷರ ಇರುವುದರಿಂದ ಮೊಳೆ ಬೇಗ ಸವೆಯುತ್ತದೆ ಕೂಡ. ಮೊದಲ ಪುಸ್ತಕದಲ್ಲಿ ಹೊಳೆದ ಮೊಳೆ ಹತ್ತನೆಯ ಪುಸ್ತಕದ ಹೊತ್ತಿಗೆ ಕೂಡುಗಳಲ್ಲಿ ಮುಕ್ಕಾಗಿರುತ್ತಿತ್ತು. ಎರಕದ ವ್ಯವಸ್ಥೆ ಕೈಗೆಟುಕುವಂತಿರಬೇಕು ಎನ್ನುವುದು ಇದಕ್ಕೇ.

ಅರಬ್ಬಿ ಬಲದಿಂದ ಎಡಕ್ಕೆ. ಮೊಳೆ ಜೋಡಿಸುವುದೂ ಹಾಗೆಯೇ?

ಇಲ್ಲಿ ಒಂದು ತಮಾಷೆ ಇದೆ. ಮೊಳೆಯ ಮುಖದ ಮೇಲೆ ಅಕ್ಷರ ಕನ್ನಡಿಯಲ್ಲಿ ಕಂಡಂತೆ ಇರುತ್ತದೆ. ಹಾಗಾಗಿ ಜೋಡಿಸಿಟ್ಟ ಅರಬ್ಬಿ ಸಾಲನ್ನು ನೆಟ್ಟಗೆ ಹಿಡಿದು ನೋಡಿದರೆ ಅದು ಎಡದಿಂದ ಬಲಕ್ಕೆ ಓಡುತ್ತದೆ! ಇಂಗ್ಲಿಷ್ ಅಥವಾ ಕನ್ನಡ ಜೋಡಿಸುವವನು ಎಡದಿಂದ ಶುರುಮಾಡಲು ಮೊಳೆಯನ್ನು ತಲೆಕೆಳಗಾಗಿ ಇಡಬೇಕು. ಅರಬ್ಬಿಯಲ್ಲಿ ಎಡದಿಂದ ಶುರುಮಾಡಿದರೂ ಅಕ್ಷರ ನೆಟ್ಟಗೇ ನಿಲ್ಲುತ್ತದೆ.

ಸಾಲಿನ ಅಂಚು ಸಮ ಮಾಡುವುದು ಬೇರೆ ರೀತಿ. ಅರಬ್ಬಿಯಲ್ಲಿ ಪದವನ್ನು ಸಾಲಿನ ಕೊನೆಗೆ ತುಂಡು ಮಾಡುವಂತಿಲ್ಲ. ಪದಗಳ ನಡುವೆ ಜಾಗ ತುಂಬಿದರೆ ಪುಟ ತೂತುತೂತಾಗಿ ಕಾಣುತ್ತದೆ. ಲಿಪಿಕಾರರು ಅಕ್ಷರದ ಕೂಡುಗೆರೆಯನ್ನೇ ಎಳೆಯುತ್ತಾರೆ, ಅದನ್ನು ಕಶೀದಾ ಎನ್ನುತ್ತಾರೆ. ಅಚ್ಚಿನಲ್ಲಿ ಅದಕ್ಕಾಗಿ ಬೇರೆ ಬೇರೆ ಉದ್ದದ ಗೆರೆಯ ತುಂಡುಗಳನ್ನು ಎರೆದಿಟ್ಟುಕೊಳ್ಳಬೇಕು. ಅನುಭವವಿಲ್ಲದವನು ಒಂದೇ ಸಾಲಿನಲ್ಲಿ ನಾಲ್ಕು ಕಡೆ ಕಶೀದಾ ತುರುಕಿದರೆ ಆ ಸಾಲು ರಬ್ಬರ್ ಎಳೆದಂತೆ ಕಾಣುತ್ತದೆ.

ಪುಟಗಳನ್ನು ಫಾರಂನಲ್ಲಿ, ಅಂದರೆ ಹಾಳೆಯ ಒಂದು ಬದಿಗೆ ಒಟ್ಟಿಗೆ ಅಚ್ಚಾಗುವ ಪುಟಗಳ ಚೌಕಟ್ಟಿನಲ್ಲಿ, ಕೂರಿಸುವಾಗಲೂ ಎಚ್ಚರ ಬೇಕು. ಪುಸ್ತಕದ ಬೆನ್ನು ಬಲಕ್ಕೆ ಬರುವುದರಿಂದ ಇಂಗ್ಲಿಷ್ ಪುಸ್ತಕದ ಪುಟ ಜೋಡಣೆಯ ಕನ್ನಡಿ ರೂಪ ಇಲ್ಲಿ ಬೇಕು. ಅಭ್ಯಾಸಬಲದಿಂದ ಎಡಬೆನ್ನಿನ ಲೆಕ್ಕದಲ್ಲಿ ಇಟ್ಟರೆ ಹಾಳೆ ಮಡಚಿದಾಗ ಪುಟಗಳ ಸರಣಿ ತಪ್ಪುತ್ತದೆ, ಆ ಹಾಳೆ ರದ್ದಿಗೆ.

ಸ್ವರಚಿಹ್ನೆ ಇರುವ ಪುಟವನ್ನು ಜೋಡಿಸುವುದು ಹೇಗೆ?

ಎರಡು ದಾರಿ. ಅಕ್ಷರ ಮತ್ತು ಚಿಹ್ನೆ ಸೇರಿದ ಮೊಳೆಯನ್ನೇ ಎರೆಯುವುದು ಒಂದು. ಅದಕ್ಕೆ ನೂರಾರು ಖಾನೆಗಳ ಡಬ್ಬಿ ಬೇಕು, ಜೋಡಿಸುವವನು ಹೆಜ್ಜೆ ಹಾಕುತ್ತಲೇ ದಿನ ಕಳೆಯಬೇಕು. ಇನ್ನೊಂದು, ಪ್ರತಿ ಸಾಲಿಗೆ ಮೂರು ಎಳೆ: ಮೇಲಿನ ಚಿಹ್ನೆಗಳ ತೆಳು ಎಳೆ, ಅಕ್ಷರಗಳ ಎಳೆ, ಕೆಳಗಿನ ಚಿಹ್ನೆಗಳ ತೆಳು ಎಳೆ. 20 ಸಾಲಿನ ಪುಟಕ್ಕೆ 60 ಎಳೆ. ಇಲ್ಲಿ ಸೂಕ್ಷ್ಮ ಇರುವುದು ಖಾಲಿ ತುಂಡುಗಳ ಲೆಕ್ಕದಲ್ಲಿ. ಮೇಲಿನ ಎಳೆಯಲ್ಲಿ ಒಂದು ತೆಳು ತುಂಡು ಬಿಟ್ಟುಹೋದರೂ ಅಲ್ಲಿಂದ ಸಾಲಿನ ಕೊನೆಯವರೆಗೆ ಚಿಹ್ನೆಗಳೆಲ್ಲ ಪಕ್ಕದ ಅಕ್ಷರದ ಮೇಲೆ ಜಾರುತ್ತವೆ.

ಅದು ಬರಿಯ ಅಂದದ ದೋಷವಲ್ಲ. ‘ಕತಬ’ ಎಂದರೆ ಬರೆದನು, ‘ಕುತಿಬ’ ಎಂದರೆ ಬರೆಯಲ್ಪಟ್ಟಿತು. ಮೂರು ವ್ಯಂಜನ ಅವೇ, ಚಿಹ್ನೆ ಬದಲಾದರೆ ಕ್ರಿಯಾಪದವೇ ಬದಲು. ಅದಕ್ಕೇ ದಿನನಿತ್ಯದ ಪುಸ್ತಕಗಳನ್ನು ಚಿಹ್ನೆ ಇಲ್ಲದೆ ಅಚ್ಚುಹಾಕಿ, ಶಾಲೆಗೆ, ಗಟ್ಟಿಯಾಗಿ ಓದುವ ಧರ್ಮಗ್ರಂಥಕ್ಕೆ ಮಾತ್ರ ಚಿಹ್ನೆಯ ಖರ್ಚು ಮಾಡುವುದು ಲೆಕ್ಕಕ್ಕೆ ಸರಿಹೋಗುತ್ತಿತ್ತು.

ಇಷ್ಟೆಲ್ಲ ಪಾಡು ಪಡುವ ಬದಲು ಕಲ್ಲಚ್ಚು ಬಳಸಬಹುದಿತ್ತಲ್ಲ?

ಸರಿಯಾದ ಪ್ರಶ್ನೆ. ಲಿಪಿಕಾರ ಜಿಡ್ಡಿನ ಮಸಿಯಲ್ಲಿ ಬರೆದದ್ದನ್ನು ಸುಣ್ಣದ ಕಲ್ಲಿಗೆ ಇಳಿಸಿ, ಗೋಂದು ಮತ್ತು ತೆಳು ಆಮ್ಲ ಸವರಿ, ಒದ್ದೆ ಮಾಡಿ, ಮಸಿ ಉರುಳಿಸಿದರೆ ಬರೆದ ಕಡೆ ಮಾತ್ರ ಮಸಿ ಹಿಡಿಯುತ್ತದೆ. ಮೊಳೆ ಬೇಡ, ಎರಕ ಬೇಡ, ಓದುಗನಿಗೆ ಒಗ್ಗಿದ ಕೈಬರಹ ಹಾಗೇ ಬರುತ್ತದೆ. ಇರಾನ್, ಲಖನೌ, ಕಾನ್ಪುರ, ಮೊರಾಕೊಗಳಲ್ಲಿ ಇದೇ ಗೆದ್ದಿತು.

ಬೈರೂತಿನವರು ಮೊಳೆಗೇ ಅಂಟಿಕೊಂಡದ್ದಕ್ಕೆ ಕಾರಣ ತಿದ್ದುಪಡಿ. ಕಲ್ಲಿನ ಮೇಲೆ ಒಂದು ಪದ ತಿದ್ದಬೇಕಾದರೆ ಕೆರೆದು ಮತ್ತೆ ಬರೆಯಬೇಕು, ಸಾಲು ಹೆಚ್ಚಾದರೆ ಪುಟವನ್ನೇ ಹೊಸದಾಗಿ ಬರೆಯಬೇಕು. ಹತ್ತು ಜನ ಪಂಡಿತರು ಕರಡು ತಿದ್ದುವ ಬೈಬಲ್ಲಿಗೆ ಅದು ನಡೆಯುವ ಮಾತಲ್ಲ. ಶಬ್ದಕೋಶ, ಗಣಿತದ ಕೋಷ್ಟಕ, ಸಣ್ಣ ಗಾತ್ರದ ದಪ್ಪ ಪುಸ್ತಕಗಳಿಗೂ ಮೊಳೆಯೇ ವಾಸಿ. ಮೊಳೆಯಲ್ಲಿ ಜೋಡಿಸಿದ್ದನ್ನು ಲೋಹದ ಫಲಕವಾಗಿ ಮಾಡಿಟ್ಟುಕೊಂಡು ಬೇಕೆಂದಾಗ ಮತ್ತೆ ಅಚ್ಚುಹಾಕಬಹುದು. ಆ ವಿಷಯ ಕೆಳಗೆ ಬರುತ್ತದೆ.

ಒಂದು ಪುಸ್ತಕ ಅಚ್ಚಾಗಲು ಎಷ್ಟು ದಿನ ಹಿಡಿಯುತ್ತಿತ್ತು?

ಕೈಯಂತ್ರದಲ್ಲಿ ಇಬ್ಬರು ಸೇರಿದರೆ ಗಂಟೆಗೆ ಸುಮಾರು 200ರಿಂದ 250 ಒತ್ತು. ಎಂಟುಮಡಿಕೆಯ ಗಾತ್ರದಲ್ಲಿ ಒಂದು ಹಾಳೆಗೆ 16 ಪುಟ, ಅಂದರೆ 480 ಪುಟಕ್ಕೆ 30 ಹಾಳೆ. 2000 ಪ್ರತಿ ಬೇಕೆಂದರೆ ಪ್ರತಿ ಹಾಳೆಗೂ ಎರಡು ಬದಿ ಸೇರಿ 4000 ಒತ್ತು, ಅಂದರೆ 16ರಿಂದ 20 ಗಂಟೆ. ಹಾಳೆಗೆ ಎರಡು ದಿನ ಎಂದುಕೊಂಡರೂ ಬರಿಯ ಒತ್ತುವುದಕ್ಕೇ 60 ದಿನ. ಕಾಗದ ಹಿಂದಿನ ರಾತ್ರಿಯೇ ನೆನೆಸಿ ಹದ ಮಾಡುವುದು, ಒಣಗಿಸುವುದು ಬೇರೆ.

ನಿಜವಾದ ತಡೆ ಮಾತ್ರ ಮೊಳೆಯದು. ಎರಡೋ ಮೂರೋ ಫಾರಂಗೆ ಆಗುವಷ್ಟೇ ಮೊಳೆ ಇದ್ದರೆ, ಒಂದು ಫಾರಂ ಅಚ್ಚಾಗಿ ಮೊಳೆ ಬಿಚ್ಚಿ ಡಬ್ಬಿಗೆ ಬೀಳುವ ತನಕ ಮುಂದಿನದನ್ನು ಜೋಡಿಸಲಾಗದು. ಕರಡು ತಿದ್ದುವವರು ತಡಮಾಡಿದರೆ ಇಡೀ ಅಚ್ಚುಮನೆ ಕೈಕಟ್ಟಿ ಕೂರಬೇಕು.

ಮಸಿ ಹಚ್ಚುವ ಉರುಳೆಯೂ ಕೈಕೊಡುತ್ತದೆ. ಅಂಟು ಮತ್ತು ಕಾಕಂಬಿ ಕುದಿಸಿ ಎರೆದ ಉರುಳೆ ಬೇಸಗೆಯ ಕಾವಿಗೆ ಮೆತ್ತಗಾಗಿ ಮೊಳೆಯ ಸಂದಿಗೆ ಮಸಿ ತುರುಕುತ್ತದೆ. ಆಗ ಮೊದಲು ಮುಚ್ಚಿಹೋಗುವುದು ಮೀಮ್, ಫಾ, ವಾವ್ ಅಕ್ಷರಗಳ ಸಣ್ಣ ಕಣ್ಣು.

ಕರಡು ತಿದ್ದುವಾಗ ಯಾವ ತಪ್ಪುಗಳನ್ನು ಹುಡುಕುತ್ತಿದ್ದರು?

ಮೊದಲು ಚುಕ್ಕಿ. ಬಾ, ತಾ, ಸಾ, ನೂನ್, ಯಾ ಇವು ಪದದ ಮೊದಲಲ್ಲೂ ನಡುವೆಯೂ ಒಂದೇ ಹಲ್ಲಿನ ಆಕಾರ. ಬೇರೆ ಮಾಡುವುದು ಚುಕ್ಕಿಯ ಸಂಖ್ಯೆ ಮತ್ತು ಜಾಗ. ಚುಕ್ಕಿ ಮುರಿದ ಒಂದು ಮೊಳೆ ಬೇರೆಯೇ ಪದ ಹುಟ್ಟಿಸುತ್ತದೆ, ಅದೂ ಅರ್ಥವುಳ್ಳ ಪದವೇ ಆಗಿಬಿಟ್ಟರೆ ಕಣ್ಣಿಗೆ ಬೀಳುವುದಿಲ್ಲ. ಕರಡಿನಲ್ಲಿ ಸರಿಯಿದ್ದ ಚುಕ್ಕಿ ಐನೂರನೆಯ ಪ್ರತಿಯ ಹೊತ್ತಿಗೆ ಮುರಿದಿರಲೂಬಹುದು, ಆದ್ದರಿಂದ ಅಚ್ಚು ನಡೆಯುವಾಗಲೂ ನಡುನಡುವೆ ಹಾಳೆ ತೆಗೆದು ನೋಡಬೇಕು.

ಆಮೇಲೆ ಡಬ್ಬಿಯ ತಪ್ಪು. ಬಿಚ್ಚುವಾಗ ನಡುರೂಪದ ಮೊಳೆ ಕೊನೆರೂಪದ ಖಾನೆಗೆ ಬಿದ್ದರೆ ಪದ ಅರ್ಧಕ್ಕೇ ಮುಗಿದಂತೆ ಕಾಣುತ್ತದೆ.

ಬೈಬಲ್ ಅನುವಾದಿಸಿದ್ದು ವ್ಯಾನ್ ಡೈಕ್ ಒಬ್ಬರೇ ಅಲ್ಲವೇ? ಅವರ ಹೆಸರೇ ಇದೆಯಲ್ಲ?

ಹೆಸರು ಹಾಗೆ ಉಳಿದುಕೊಂಡಿತು. ಅದಕ್ಕೂ ಮೊದಲು ಮಿಷನರಿಗಳು ಹಂಚುತ್ತಿದ್ದದ್ದು ರೋಮಿನಲ್ಲಿ 1671ರಲ್ಲಿ ಬಂದ ಕ್ಯಾಥೊಲಿಕ್ ಅನುವಾದದ ಮರುಮುದ್ರಣ. ಅದರ ಅರಬ್ಬಿ ಒರಟು ಎಂಬ ದೂರು ಇತ್ತು. 1840ರ ದಶಕದ ಕೊನೆಯಲ್ಲಿ ಎಲಿ ಸ್ಮಿತ್ ಹೊಸ ಅನುವಾದಕ್ಕೆ ಕೈಹಾಕಿದರು. ಮೊದಲ ಕರಡು ಬುತ್ರುಸ್ ಅಲ್-ಬುಸ್ತಾನಿ ಅವರದು. ಅರಬ್ಬಿಯನ್ನು ತಿದ್ದಿ ನಯ ಮಾಡಿದವರು ಕವಿ, ವ್ಯಾಕರಣಕಾರ ನಾಸೀಫ್ ಅಲ್-ಯಾಜಿಜಿ. ಸ್ಮಿತ್ ಅದನ್ನು ಹೀಬ್ರೂ, ಗ್ರೀಕ್ ಮೂಲಗಳಿಗೆ ಹೋಲಿಸಿ ನೋಡುತ್ತಿದ್ದರು. 1857ರ ಜನವರಿಯಲ್ಲಿ ಅವರು ತೀರಿಕೊಂಡಾಗ ಪೂರ್ತಿ ತಿದ್ದಿ ಒಪ್ಪಿಸಿದ್ದ ಭಾಗ ತೀರ ಸ್ವಲ್ಪ.

ವೈದ್ಯರೂ ಆಗಿದ್ದ ಕಾರ್ನೀಲಿಯಸ್ ವ್ಯಾನ್ ಡೈಕ್ ಕೆಲಸ ವಹಿಸಿಕೊಂಡರು. ಭಾಷೆಯ ನೆರವಿಗೆ ಅವರು ಕರೆದದ್ದು ಕೈರೋದ ಇಸ್ಲಾಮೀ ವಿದ್ಯಾಪೀಠ ಅಲ್-ಅಜ್‌ಹರಿನಲ್ಲಿ ಓದಿದ ಮುಸ್ಲಿಂ ವಿದ್ವಾಂಸ ಯೂಸುಫ್ ಅಲ್-ಅಸೀರ್ ಅವರನ್ನು. ಮಿಷನ್ನಿನ ಈ ಆಯ್ಕೆ ನಮಗೆ ಬಹಳ ಜಾಣತನದ್ದಾಗಿ ಕಾಣುತ್ತದೆ: ಅರಬ್ಬಿಯ ಶುದ್ಧಿ ನೋಡುವವನಿಗೆ ಚರ್ಚಿನ ಹಳೆಯ ನುಡಿಕಟ್ಟುಗಳ ಹಂಗು ಇರಬಾರದು.

ಕರಡಿನ ಏರ್ಪಾಡು ಗಮನಿಸಿ. ಜೋಡಿಸಿದ ಫಾರಂನ 30 ಕರಡು ಪ್ರತಿ ತೆಗೆದು ಬೇರೆ ಬೇರೆ ಊರುಗಳ ಮಿಷನರಿಗಳಿಗೆ, ಅಲ್ಲಿನ ಪಂಡಿತರಿಗೆ, ಲೈಪ್ಜಿಗಿನ ಫ್ಲೈಷರ್, ಹಾಲೆಯ ರೋಡಿಗರ್ ಅವರಂಥ ಜರ್ಮನ್ ಅರಬ್ಬಿ ವಿದ್ವಾಂಸರಿಗೆ ಕಳಿಸುತ್ತಿದ್ದರು. ಟಿಪ್ಪಣಿಗಳು ಮರಳಿ ಬಂದ ಮೇಲೆ ತಿದ್ದಿ ಅಚ್ಚಿಗೆ. ಅಂಚೆ ಹಡಗಿನ ಕಾಲದಲ್ಲಿ ಇದಕ್ಕೆ ಹಿಡಿದ ತಾಳ್ಮೆ ಊಹಿಸಿಕೊಳ್ಳಿ. ಹೊಸ ಒಡಂಬಡಿಕೆ 1860ರಲ್ಲಿ ಮುಗಿಯಿತು, ಇಡೀ ಅನುವಾದ 1864ರ ಆಗಸ್ಟಿನಲ್ಲಿ, ಮುದ್ರಣ 1865ರ ಮಾರ್ಚಿನಲ್ಲಿ.

ಅಚ್ಚಾದ ಮೇಲೂ ವ್ಯಾನ್ ಡೈಕ್ ನ್ಯೂಯಾರ್ಕಿಗೆ ಹೋದದ್ದೇಕೆ?

ಫಲಕ ಮಾಡಿಸಲು. 1865ರಿಂದ 1867ರವರೆಗೆ ಅಮೆರಿಕನ್ ಬೈಬಲ್ ಸೊಸೈಟಿಯ ಕಟ್ಟಡದಲ್ಲಿ ಕೂತು ವಿದ್ಯುತ್ ಫಲಕಗಳ ಕೆಲಸ ನೋಡಿಕೊಂಡರು. ಜೋಡಿಸಿದ ಮೊಳೆಯ ಪುಟವನ್ನು ಮೇಣಕ್ಕೆ ಒತ್ತಿ ಅಚ್ಚು ತೆಗೆಯುತ್ತಾರೆ. ಮೇಣಕ್ಕೆ ವಿದ್ಯುತ್ ಹರಿಯಲೆಂದು ಗ್ರಾಫೈಟ್ ಪುಡಿ ಸವರುತ್ತಾರೆ. ಅದನ್ನು ಮೈಲುತುತ್ತದ ದ್ರಾವಣದಲ್ಲಿ ತೂಗುಹಾಕಿ ವಿದ್ಯುತ್ ಹಾಯಿಸಿದರೆ ಮೇಲೆ ತಾಮ್ರದ ತೆಳು ಪದರ ಕೂರುತ್ತದೆ. ಪದರ ಬಿಡಿಸಿ, ಹಿಂದೆ ಸೀಸದ ಮಿಶ್ರಣ ಹೊಯ್ದು, ದಪ್ಪ ಸಮ ಮಾಡಿದರೆ ಫಲಕ ಸಿದ್ಧ. ಗ್ರಾಫೈಟ್ ತಾಗದ ಕಡೆ ತಾಮ್ರ ಕೂರದೆ ತೂತು ಬೀಳುತ್ತದೆ. ಅರಬ್ಬಿಯಲ್ಲಿ ಆ ಜಾಗ ಒಂದು ಚುಕ್ಕಿಯದಾಗಿದ್ದರೆ ಏನಾಗುತ್ತದೆಂದು ಮೇಲೆಯೇ ಹೇಳಿದ್ದೇವೆ. ಭಾಷೆ ಬಲ್ಲವರು ಪ್ರತಿ ಫಲಕವನ್ನೂ ನೋಡಬೇಕಿತ್ತು.

ಒಮ್ಮೆ ಫಲಕ ಇದ್ದರೆ ಮೊಳೆ ಸವೆಯುವ, ಮರುಜೋಡಣೆಯಲ್ಲಿ ಹೊಸ ತಪ್ಪು ನುಗ್ಗುವ ಭಯವಿಲ್ಲ.

ಬರಿಯ ಧಾರ್ಮಿಕ ಪುಸ್ತಕಗಳನ್ನೇ ಅಚ್ಚುಹಾಕಿದರೇ?

ಇಲ್ಲ. ಶಾಲೆ ತೆರೆದ ಮೇಲೆ ಪಠ್ಯಪುಸ್ತಕ ಬೇಕೇಬೇಕಾಯಿತು. ಮಾಲ್ಟಾದಲ್ಲಿ 1835ರಲ್ಲಿ ರಾಬಿನ್ಸನ್ ಕ್ರೂಸೋ ಕಥೆ ಅರಬ್ಬಿಯಲ್ಲಿ ಬಂತು. ಬೈರೂತಿನಲ್ಲಿ ಯಾಜಿಜಿಯ ವ್ಯಾಕರಣ, 1848ರಲ್ಲಿ ಬುಸ್ತಾನಿಯ ಅಂಕಗಣಿತ, 1852ರಲ್ಲಿ ವ್ಯಾನ್ ಡೈಕರ ಭೂಗೋಳ, 1869ರಲ್ಲಿ ಅವರ ರಸಾಯನಶಾಸ್ತ್ರ. 1866ರಲ್ಲಿ ಶುರುವಾದ ಸಿರಿಯನ್ ಪ್ರಾಟೆಸ್ಟೆಂಟ್ ಕಾಲೇಜು, ಇಂದಿನ ಅಮೆರಿಕನ್ ವಿಶ್ವವಿದ್ಯಾಲಯ, ಮೊದಲು ಅರಬ್ಬಿಯಲ್ಲೇ ವೈದ್ಯ ಕಲಿಸುತ್ತಿತ್ತು ಎಂಬುದನ್ನು ನೆನಪಿಡಿ.

1876ರಲ್ಲಿ ಆ ಕಾಲೇಜಿನ ಯಾಕೂಬ್ ಸರ್ರೂಫ್, ಫಾರಿಸ್ ನಿಮ್ರ್ ‘ಅಲ್-ಮುಕ್ತತಫ್’ ಎಂಬ ವಿಜ್ಞಾನ ಮಾಸಪತ್ರಿಕೆ ಹೊರಡಿಸಿದರು, ಅದೂ ಮಿಷನ್ ಅಚ್ಚುಕೂಟದಲ್ಲೇ. 1882ರಲ್ಲಿ ಕಾಲೇಜಿನ ಎಡ್ವಿನ್ ಲೂಯಿಸ್ ಡಾರ್ವಿನ್‌ನನ್ನು ಹೊಗಳಿ ಮಾಡಿದ ಭಾಷಣ ಅದರಲ್ಲಿ ಪ್ರಕಟವಾಗಿ ದೊಡ್ಡ ಗಲಾಟೆಯಾಯಿತು. ಲೂಯಿಸ್ ಹೊರಗೆ ಹೋದರು, ವ್ಯಾನ್ ಡೈಕ್ ರಾಜೀನಾಮೆ ಕೊಟ್ಟರು, ಪತ್ರಿಕೆ ಕೆಲವೇ ವರ್ಷದಲ್ಲಿ ಕೈರೋ ಸೇರಿತು. ಮಿಷನ್ನಿನ ಮೊಳೆಯಲ್ಲಿ ಅಚ್ಚಾದದ್ದೆಲ್ಲ ಮಿಷನ್ನಿಗೆ ಹಿಡಿಸುವಂಥದ್ದೇ ಆಗಿರಲಿಲ್ಲ.

ಕ್ಯಾಥೊಲಿಕರು ಸುಮ್ಮನಿದ್ದರೇ?

ಜೆಸ್ವಿಟರು ಬೈರೂತಿನಲ್ಲೇ 1840ರ ದಶಕದ ಕೊನೆಯಲ್ಲಿ ಕಲ್ಲಚ್ಚಿನಿಂದ ಶುರುಮಾಡಿ 1854ರಲ್ಲಿ ಮೊಳೆಗೆ ಬಂದರು. ತಮ್ಮದೇ ಬೈಬಲ್ ಅನುವಾದ ತಂದರು, ಅದರ ಭಾಷೆ ತಿದ್ದಿದವರು ಇಬ್ರಾಹಿಂ ಅಲ್-ಯಾಜಿಜಿ. ಪ್ರಾಟೆಸ್ಟೆಂಟರಿಗೆ ಕೆಲಸ ಮಾಡಿದ ನಾಸೀಫರ ಮಗ ಇವರೇ! ಎರಡು ಅಚ್ಚುಕೂಟಗಳ ಈ ಪೈಪೋಟಿಯಿಂದ ಹೆಚ್ಚು ಲಾಭವಾದದ್ದು ಬೈರೂತಿನ ಮುದ್ರಕರಿಗೆ ಮತ್ತು ಓದುಗರಿಗೆ.

ಬೈರೂತಿನ ಪುಸ್ತಕ ಮೊರಾಕೊದಲ್ಲೂ ಓಡುತ್ತಿತ್ತೇ?

ಓದಬಹುದು, ಆದರೆ ಪರಕೀಯವಾಗಿ ಕಾಣುತ್ತದೆ. ಮಗ್ರಿಬಿ ಬರಹದಲ್ಲಿ ಫಾ ಅಕ್ಷರದ ಚುಕ್ಕಿ ಕೆಳಗೆ, ಕಾಫ್‌ಗೆ ಮೇಲೆ ಒಂದೇ ಚುಕ್ಕಿ. ಪೂರ್ವದ ನಸ್ಖ್‌ನಲ್ಲಿ ಮೇಲೆ ಒಂದು ಚುಕ್ಕಿ ಇದ್ದರೆ ಅದು ಫಾ. ಅಭ್ಯಾಸವಿಲ್ಲದವನು ಒಂದನ್ನು ಇನ್ನೊಂದಾಗಿ ಓದಿಬಿಡುತ್ತಾನೆ.

ಕರ್ನಾಟಕಕ್ಕೂ ಇದಕ್ಕೂ ಏನಾದರೂ ನಂಟಿದೆಯೇ?

ಬಾಸೆಲ್ ಮೂಲಕ ಒಂದು ನಂಟಿದೆ. ಮಾಲ್ಟಾದ ಶ್ಲೀಂಜ್ ಕಲಿತದ್ದು ಬಾಸೆಲ್ಲಿನ ಮಿಷನ್ ಶಾಲೆಯಲ್ಲಿ, ಆಮೇಲೆ ಚರ್ಚ್ ಮಿಷನರಿ ಸೊಸೈಟಿಗೆ ಸೇರಿದರು. ಅದೇ ಬಾಸೆಲ್ ಮಿಷನ್ನಿನ ಮೊದಲ ತಂಡ ಮಂಗಳೂರಿಗೆ ಬಂದದ್ದು 1834ರಲ್ಲಿ, ಅರಬ್ಬಿ ಅಚ್ಚುಕೂಟ ಬೈರೂತ್ ತಲುಪಿದ ವರ್ಷವೇ. ಮಂಗಳೂರಿನವರು ಮೊದಲು ಹಿಡಿದದ್ದು ಕಲ್ಲಚ್ಚಿನ ದಾರಿ, 1843ರ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನದೇ. ಇದಕ್ಕಿಂತ ದೊಡ್ಡ ಕಥೆ ಕಟ್ಟುವುದು ಬೇಡ.

ಹಳೆಯ ಅರಬ್ಬಿ ಪುಸ್ತಕವೊಂದು ಕೈಗೆ ಸಿಕ್ಕಿದೆ. ಯಾವ ಕಾಲದ್ದೆಂದು ತಿಳಿಯುವುದು ಹೇಗೆ?

ಬಲಬದಿಯಲ್ಲಿ ಬೆನ್ನು ಬರುವಂತೆ ಹಿಡಿದು ಮೊದಲ ಹಾಳೆ ನೋಡಿ. ಊರಿನ ಹೆಸರು, ವರ್ಷ ಸಾಮಾನ್ಯವಾಗಿ ಅಲ್ಲಿ ಕೆಳಗಿರುತ್ತದೆ. ಅಂಕಿ ಓದುವಾಗ ಕನ್ನಡಿಗರು ಎಡವುವ ಜಾಗ ಒಂದಿದೆ: ಅರಬ್ಬಿ ಪುಸ್ತಕದಲ್ಲಿ ಬರಿಯ ಚುಕ್ಕಿ ಎಂದರೆ ಸೊನ್ನೆ, ನಮ್ಮ ಸೊನ್ನೆಯಂಥ ಉಂಗುರ ಎಂದರೆ ಐದು. ಬಾಯಿ ಮೇಲಾದ ಕವೆಗೋಲು ಏಳು, ಬಾಯಿ ಕೆಳಗಾದದ್ದು ಎಂಟು. ಅಕ್ಷರ ಬಲದಿಂದ ಓದಿದರೂ ಅಂಕಿಯನ್ನು ನಮ್ಮ ಹಾಗೆಯೇ ಎಡದಿಂದ ಓದಿ.

ವರ್ಷ 18ರಿಂದ ಶುರುವಾದರೆ ಕ್ರಿಸ್ತಶಕ, ಮಿಷನ್ ಪುಸ್ತಕಗಳಲ್ಲಿ ಬಹುತೇಕ ಹೀಗೆಯೇ. 12 ಅಥವಾ 13ರಿಂದ ಶುರುವಾದರೆ ಹಿಜರಿ, ಅಂದರೆ ಇಸ್ಲಾಮೀ ಪಂಚಾಂಗದ ವರ್ಷ. ಕ್ರಿಸ್ತಶಕದಿಂದ 622 ಕಳೆದು, 33ರಿಂದ ಗುಣಿಸಿ, 32ರಿಂದ ಭಾಗಿಸಿದರೆ ಹಿಜರಿ ವರ್ಷ ಹೆಚ್ಚುಕಡಿಮೆ ಸಿಗುತ್ತದೆ. 1865ಕ್ಕೆ ಹಾಕಿ ನೋಡಿ: 1243 ಗುಣಿಸು 33, ಭಾಗಿಸು 32, ಅಂದರೆ 1281 ಚಿಲ್ಲರೆ.

ಶತಮಾನದ ಕೊನೆಯ ಭಾಗದ ಪುಸ್ತಕವಾದರೆ ಶಿಕ್ಷಣ ಇಲಾಖೆಯ ಅನುಮತಿಯಿಂದ ಅಚ್ಚಾಯಿತು ಎಂಬ ಸಾಲು ಕಾಣಬಹುದು. 1857ರ ಆಟೊಮನ್ ನಿಯಮಗಳಿಂದಲೇ ಅನುಮತಿ ಕಡ್ಡಾಯವಾಗಿತ್ತು, ಸುಲ್ತಾನ್ ಅಬ್ದುಲ್ ಹಮೀದ್ ಕಾಲದಲ್ಲಿ ಅದು ಬಿಗಿಯಾಯಿತು. ಮೊದಲ ಹಾಳೆಯೇ ಹರಿದುಹೋಗಿದ್ದರೆ ಅಕ್ಷರಗಳ ಕೂಡು ನೋಡಿ. ಒಂದು ಉದ್ದನೆಯ ಪದ ಆರಿಸಿ ಭೂತಗನ್ನಡಿ ಹಿಡಿಯಿರಿ: ಅಕ್ಷರದಿಂದ ಅಕ್ಷರಕ್ಕೆ ಸಣ್ಣ ಬಿಳಿ ಸೀಳು ಇದ್ದರೆ ಅದು ಮೊಳೆಯ ಅಚ್ಚು, ಗೆರೆ ಎಲ್ಲೂ ಕಡಿಯದೆ ಒಂದೇ ಅಕ್ಷರ ಪ್ರತಿ ಸಲವೂ ತುಸು ಬೇರೆಯಾಗಿ ಬಂದಿದ್ದರೆ ಕಲ್ಲಚ್ಚು.